ಬೇಸಿನ್ ಪಕ್ಕದ ಮೇಜು

ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ನಮ್ಮ ಬೀದಿಯ ಮೂಲೆಯಲ್ಲಿರುವ ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಾರೆ. ಕೋಣೆಯ ಬೀಗದ ಕೈ ಕೊಡುವುದು, ಬಿಸಿನೀರು ಬರುವ ಹೊತ್ತು ಹೇಳುವುದು, ಫ್ಯಾನು ಸದ್ದು ಮಾಡುತ್ತದೆ ಎಂಬ ದೂರು ಕೇಳಿಸಿಕೊಳ್ಳುವುದು ಅವರ ಕೆಲಸ. ಆದರೆ ಟ್ಯಾಕ್ಸಿಯವರ ಬಾಯಲ್ಲಿ ಅವರು ‘ಊಟದ ಮೇಡಂ’. ನಮ್ಮದು ತಿನ್ನುವುದಕ್ಕೆಂದೇ ಜನ ಬರುವ ಊರು. ಬೇರೆ ಊರಿಗೆ ಹೋದವರು ಕೋಟೆ ನೋಡುತ್ತಾರೆ, ಕಡಲು ನೋಡುತ್ತಾರೆ. ಇಲ್ಲಿಗೆ ಬಂದವರು ಹೆಗಲ ಮೇಲಿನ ಬ್ಯಾಗು ಇಳಿಸುವ ಮೊದಲೇ ಕೌಂಟರಿನಲ್ಲಿ ಕೇಳುವುದು, ‘ಮೇಡಂ, ಊಟ ಎಲ್ಲಿ ಚೆನ್ನಾಗಿರುತ್ತೆ?’

ಅತ್ತಿಗೆ ತಕ್ಷಣ ಉತ್ತರ ಕೊಡುವವರಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೌಂಟರಿನ ಮೇಲಿಂದ ಸ್ವಲ್ಪ ಬಾಗಿ, ಮೊದಲು ಅವರ ಕಾಲಿನ ಚಪ್ಪಲಿ ನೋಡುತ್ತಾರೆ. ಆಮೇಲೆ ಶುರು.

‘ನಡೀತೀರಾ?’

‘ಹ್ಞಾಂ, ನಡೀತೀವಿ.’

‘ಕಾಯ್ತೀರಾ?’

‘ಸ್ವಲ್ಪ ಹೊತ್ತು ಅಂದ್ರೆ...’

‘ಕಾಯಲ್ಲ ಅನ್ನಿ. ಗಲಾಟೆ ಇದ್ರೆ ಆಗುತ್ತಾ?’

ಏನು ಇಷ್ಟ ಎಂದು ಮಾತ್ರ ಕೇಳುವುದಿಲ್ಲ. ಯಾಕೆ ಎಂದು ನಾನೊಮ್ಮೆ ವಿಚಾರಿಸಿದ್ದೆ. ‘ಕೇಳಿದ್ರೆ ಎಲ್ರೂ ಸುಳ್ಳು ಹೇಳ್ತಾರಮ್ಮ. ಎಲ್ಲಾ ತಿಂತೀವಿ ಅಂತಾರೆ. ಎಲ್ಲಾ ತಿನ್ನೋರನ್ನ ನಾನಿನ್ನೂ ನೋಡಿಲ್ಲ,’ ಎಂದರು.

ಪ್ರಶ್ನೆ ಮುಗಿದ ಮೇಲೆ ಬಂದವರನ್ನು ಹೊಸ್ತಿಲವರೆಗೆ ಕರೆದುಕೊಂಡು ಬಂದು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ನು ತೆಗೆದು ಅದರಿಂದಲೇ ದಾರಿ ತೋರಿಸುತ್ತಾರೆ. ‘ಔಷಧಿ ಅಂಗಡಿ ದಾಟಿ, ಎಡಕ್ಕೆ ತಿರುಗಿ. ಹೊಲಿಗೆ ಮಿಷನ್ ಇಟ್ಕೊಂಡು ಒಬ್ರು ಬಾಗಿಲಲ್ಲೇ ಕೂತಿರ್ತಾರೆ. ಅವರ ಬೆನ್ನ ಹಿಂದೆ ಮೆಟ್ಟಿಲು. ಅವರನ್ನ ಕೇಳ್ಬೇಡಿ, ಅವರು ತಮ್ಮ ಭಾವನ ಹೋಟೆಲಿಗೆ ಕಳಿಸ್ತಾರೆ. ಸುಮ್ನೆ ಹತ್ತಿ.’

‘ಅಲ್ಲಿ ಚೆನ್ನಾಗಿರುತ್ತಾ?’

‘ತಿಂದು ಬಂದು ನೀವೇ ಹೇಳಿ.’

ಚೆನ್ನಾಗಿರುತ್ತದೆ ಎಂಬ ಮಾತು ಅವರ ಬಾಯಿಂದ ಯಾವ ಹೋಟೆಲಿನ ಬಗ್ಗೆಯೂ ಬಂದದ್ದನ್ನು ನಾನು ಕೇಳಿಲ್ಲ. ಆದರೆ ತಿಂದು ಬಂದು ಹೇಳುವುದು ಕಡ್ಡಾಯ. ಬೆಳಿಗ್ಗೆ ಮೆಟ್ಟಿಲಿಳಿದು ಬರುವವರು ಬೀಗದ ಕೈಯ ಜೊತೆಗೆ ವರದಿಯನ್ನೂ ಒಪ್ಪಿಸುತ್ತಾರೆ. ಮೀನು ಹೀಗಿತ್ತು, ಬ್ರೆಡ್ಡು ಹಾಗಿತ್ತು, ಬಡಿಸುವವನು ಮುಖ ಗಂಟಿಕ್ಕಿಕೊಂಡಿದ್ದ. ಅತ್ತಿಗೆ ತಲೆಯಾಡಿಸುತ್ತಾ ಕೇಳುತ್ತಾರೆ. ಒಂದೇ ಹೋಟೆಲಿನ ಬಗ್ಗೆ ಎರಡು ಮೂರು ಸಲ ಅರೆಮನಸ್ಸಿನ ಮಾತು ಬಂತೆಂದರೆ ಆ ವಾರದ ರಜೆಯಲ್ಲಿ ಅಲ್ಲಿಗೆ ಅವರ ಸವಾರಿ.

ಆ ಸವಾರಿಗೆ ಅವರದೇ ಕ್ರಮವಿದೆ. ಒಬ್ಬರೇ ಹೋಗುತ್ತಾರೆ. ಕಿಟಕಿಯ ಪಕ್ಕ ಎಷ್ಟೇ ಜಾಗವಿದ್ದರೂ ಕೈತೊಳೆಯುವ ಬೇಸಿನ್ ಪಕ್ಕದ ಮೇಜಿಗೇ ಕೂರುತ್ತಾರೆ. ಯಾವ ಹೋಟೆಲಿನಲ್ಲಾದರೂ ಎಲ್ಲಕ್ಕಿಂತ ಕೆಟ್ಟ ಜಾಗ ಅದೇ ತಾನೆ? ಹಿಂದಿನಿಂದ ಜನ ಕೈ ಒದರುತ್ತಾರೆ, ಬೆನ್ನಿಗೆ ನೀರು ಸಿಡಿಯುತ್ತದೆ, ಯಾರೋ ಸೀನುತ್ತಾರೆ. ಅಲ್ಲಿ ಕೂತು ಎಲ್ಲಕ್ಕಿಂತ ಸಾದಾ ತಿಂಡಿ ಯಾವುದೋ ಅದನ್ನು ಹೇಳುತ್ತಾರೆ. ಅಷ್ಟರ ಮೇಲೂ ತಟ್ಟೆ ಖಾಲಿಯಾದರೆ ಆ ಹೋಟೆಲು ಪಾಸು. ಒಮ್ಮೆ ಒಬ್ಬ ಯುವಕ ಫೋನು ಚಾಚಿ, ‘ಇದಕ್ಕೆ ಐದು ಸ್ಟಾರ್ ಕೊಟ್ಟಿದಾರೆ ಮೇಡಂ, ನೀವು ನೋಡಿದ್ರೆ ಬೇರೆ ಕಡೆ ಕಳಿಸ್ತಿದೀರಿ,’ ಎಂದನಂತೆ. ‘ಕೊಟ್ಟೋರು ಎಲ್ಲಿ ಕೂತಿದ್ರಂತೆ?’ ಎಂದರಂತೆ ಅತ್ತಿಗೆ.

ಹೋಟೆಲಿನವರಿಗೂ ಈ ವಿಷಯ ತಿಳಿಯದೇ ಇರುತ್ತದೆಯೇ? ಆಗಾಗ ಲಾಡ್ಜಿಗೆ ಸಿಹಿಯ ಡಬ್ಬಗಳು ಬರುತ್ತವೆ, ಕಮಿಷನ್ನಿನ ಮಾತೂ ಬರುತ್ತದೆ. ಅತ್ತಿಗೆ ಡಬ್ಬವನ್ನು ಹಾಗೇ ನೆಲ ಒರೆಸುವವರ ಕೈಗೆ ದಾಟಿಸಿಬಿಡುತ್ತಾರೆ. ಇದು ಅತ್ತಿಗೆಯ ದೊಡ್ಡಗುಣ ಎಂದು ನಾನು ನಮ್ಮವರ ಎದುರು ಹೊಗಳಿದಾಗ ಅತ್ತಿಗೆಯೇ ತಡೆದರು. ‘ಗುಣವೂ ಇಲ್ಲ ಗಿಣವೂ ಇಲ್ಲ. ಅವರದ್ದು ಬಾಯಿಗೆ ಹಾಕ್ಕೊಂಡ್ಮೇಲೆ ಬೈಯೋಕೆ ನಾಲಿಗೆ ಏಳಲ್ಲ. ಅಷ್ಟೇ.’

ಅವರು ಲಾಡ್ಜಿಗೆ ಸೇರಿದ್ದು ಹಾಸಿಗೆಯ ಚಾದರ ಮಡಿಸುವ ಕೆಲಸಕ್ಕೆ. ಆಗ ಅಮ್ಮ ಇರಲಿಲ್ಲ, ಅಪ್ಪ ಹಾಸಿಗೆ ಹಿಡಿದಿದ್ದರು, ತಮ್ಮ ಶಾಲೆಯಲ್ಲಿದ್ದ. ಕೌಂಟರಿನ ಗುಮಾಸ್ತರು ಕಾಯಿಲೆ ಬಿದ್ದಾಗ ನಾಲ್ಕು ದಿನಕ್ಕೆಂದು ಅಲ್ಲಿ ಕೂತವರು ಮತ್ತೆ ಏಳಲೇ ಇಲ್ಲ. ಹೊಸದರಲ್ಲಿ ಒಬ್ಬ ಔಷಧಿ ಕಂಪನಿಯ ಪ್ರತಿನಿಧಿ ಊಟದ ಜಾಗ ಕೇಳಿದನಂತೆ. ಇವರು ಎಲ್ಲರೂ ಹೇಳುವ ದೊಡ್ಡ ಹೋಟೆಲಿನ ಹೆಸರು ಹೇಳಿದರು. ಅವನು ತಿಂದು ಬಂದು, ‘ನೀವು ಅಲ್ಲಿ ಊಟ ಮಾಡಿದೀರಾ?’ ಎಂದು ಕೇಳಿದ. ಇಲ್ಲ ಎಂದರು. ಅವನು ಬೈಯಲಿಲ್ಲ, ನಗಲೂ ಇಲ್ಲ, ಬೀಗದ ಕೈ ತೆಗೆದುಕೊಂಡು ಮೇಲೆ ಹೋದ. ಆ ವಾರದಿಂದ ಅತ್ತಿಗೆಯ ರಜೆಯ ಊಟ ಹೊರಗೆ. ನಡುವೆ ಮದುವೆಯೂ ಆಗಿತ್ತು, ಹೆಚ್ಚು ಕಾಲ ಬಾಳಲಿಲ್ಲ. ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ. ಒಮ್ಮೆ ಮಾತ್ರ, ಯಾವುದೋ ಮಾತಿನ ನಡುವೆ, ‘ಅವರಿಗೆ ಊಟ ಬಿಸಿ ಇದ್ರೆ ಸಾಕಾಗ್ತಿತ್ತು,’ ಎಂದರು.

ಇನ್ನು ನಮ್ಮ ವಿಷಯ. ಅದೇ ಬೀದಿಯಲ್ಲಿ, ಲಾಡ್ಜಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನಮ್ಮವರದೂ ಒಂದು ಹೋಟೆಲಿದೆ. ಹಸಿರು ಬಾಗಿಲು, ಆರು ಮೇಜು, ಹಿಂದೆ ಅಡುಗೆಮನೆ, ಮಹಡಿಯ ಮೇಲೆ ನಮ್ಮ ಮನೆ. ಅತ್ತಿಗೆ ಒಬ್ಬರನ್ನೂ, ಒಂದು ದಿನವೂ, ಅಲ್ಲಿಗೆ ಕಳಿಸಿರಲಿಲ್ಲ.

ನಾನು ಕ್ಯಾಷ್ ಮೇಜಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀದಿ ನೋಡುತ್ತಿರುತ್ತಿದ್ದೆ. ಬಿಸಿಲು ಇಳಿದ ಮೇಲೆ ಲಾಡ್ಜಿನಿಂದ ಜನ ಹೊರಡುತ್ತಿದ್ದರು. ಗಂಡ ಹೆಂಡತಿ, ಕಾಲೇಜಿನ ಹುಡುಗಿಯರ ಗುಂಪು, ಅಜ್ಜಿಯನ್ನು ನಡುವೆ ಹಿಡಿದುಕೊಂಡ ಸಂಸಾರ. ನಮ್ಮ ಹಸಿರು ಬಾಗಿಲ ಎದುರಿಗೇ ಹಾದು, ಒಮ್ಮೆ ಒಳಗೆ ಕಣ್ಣು ಹಾಯಿಸಿ, ಮುಂದೆ ಹೋಗುತ್ತಿದ್ದರು. ಕೆಲವರು ಒಳಗೇ ಬರುತ್ತಿದ್ದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವರು, ‘ಸೇತುವೆ ಹತ್ರ ಮೀನು ಹುರಿದು ಕೊಡ್ತಾರಂತಲ್ಲ, ಲಾಡ್ಜಿನ ಮೇಡಂ ಹೇಳಿದ್ರು, ಇದೇ ದಾರಿನಾ?’ ಎನ್ನುವರು. ನಮ್ಮವರು ಕೈ ಒರೆಸಿಕೊಂಡು ಬಾಗಿಲಿಗೆ ಬಂದು, ಹೌದು ಇದೇ ದಾರಿ, ನೇರ ಹೋಗಿ ಎಂದು ವಿನಯದಿಂದ ತೋರಿಸಿ ಒಳಗೆ ಹೋಗುವರು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ತುಸು ಜೋರಾಗುತ್ತಿತ್ತು.

‘ಅತ್ತಿಗೆಗೆ ಒಂದು ಮಾತು ಹೇಳಬಾರದಾ?’ ಎಂದರೆ ಅವರ ಉತ್ತರ ಒಂದೇ. ‘ನಾನು ಕೇಳಲ್ಲ. ನೀನೂ ಬಾಯಿ ಬಿಡಬೇಡ. ಕಳಿಸಬೇಕು ಅನಿಸಿದ ದಿನ ಅಕ್ಕನೇ ಕಳಿಸ್ತಾಳೆ.’

ನಮ್ಮವರು ಹೋಟೆಲು ತೆರೆಯುವ ಮೊದಲು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಆ ಕೆಲಸ ಕೊಡಿಸಿದ್ದೂ ಅತ್ತಿಗೆಯೇ. ಅಲ್ಲಿ ಎಣ್ಣೆ ಅಳೆದು ಹಾಕಬೇಕು, ಖಾರ ಹೆಸರಿಗಷ್ಟೇ, ಉಪ್ಪು ಬೇಕಾದವರು ಮೇಲೆ ಹಾಕಿಕೊಳ್ಳಬೇಕು. ವರ್ಷಗಟ್ಟಲೆ ಹಾಗೆ ಅಡುಗೆ ಮಾಡಿದವರ ಕೈ ಹಾಗೇ ಕೂತುಬಿಟ್ಟಿತ್ತು. ಅನ್ನ ಹದವಾಗಿ ಬೆಂದಿರುತ್ತಿತ್ತು, ತರಕಾರಿ ಬಣ್ಣ ಕೆಡದೆ ಮೆತ್ತಗಿರುತ್ತಿತ್ತು, ಸೂಪಿನಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ತಿಂದವರು ಯಾರೂ ದೂರುತ್ತಿರಲಿಲ್ಲ. ಯಾರೂ ಎರಡನೇ ಸಲ ಬರುತ್ತಲೂ ಇರಲಿಲ್ಲ. ತಿಂದು ಎದ್ದು ಹೋದ ಮೇಲೆ ಏನು ತಿಂದೆವು ಎಂಬುದೇ ನೆನಪಿನಲ್ಲಿ ಉಳಿಯದ ಊಟ ಅದು. ನನಗೆ ಗೊತ್ತಿತ್ತು. ಹೆಂಡತಿಯಾದವಳು ಇದನ್ನು ಹೇಗೆ ಹೇಳುವುದು? ಅದೂ ನಮ್ಮ ಮಗಳು ಅದೊಂದನ್ನೇ ತಿನ್ನುತ್ತಿರುವಾಗ?

ಮಗಳ ಊಟದ ಚಿಂತೆ ನನ್ನನ್ನು ಅರ್ಧ ತಿಂದುಹಾಕಿತ್ತು. ಎರಡು ವರ್ಷ ತುಂಬುತ್ತಾ ಬಂದಿದ್ದರೂ ತೂಕ ಏರುತ್ತಿರಲಿಲ್ಲ. ನಾನು ಏನು ಮಾಡಿ ಬಾಯಿಗಿಟ್ಟರೂ ನಾಲಿಗೆಯಿಂದ ಹೊರಗೆ ತಳ್ಳುವಳು, ನನ್ನ ಸೀರೆಗೇ ಒರೆಸುವಳು. ಗಂಟಲಿಗೆ ಸಿಕ್ಕಿಹಾಕಿಕೊಂಡರೆ, ವಾಂತಿಯಾದರೆ, ಜ್ವರ ಬಂದರೆ ಎಂದು ಪ್ರತಿ ತುತ್ತಿಗೂ ಹೆದರುತ್ತಿದ್ದೆ. ಅಪ್ಪ ಮಾಡಿದ ಸೂಪು ಅನ್ನ ಎದುರಿಗಿಟ್ಟರೆ ಮಾತ್ರ ತಾನೇ ಕೈ ಹಾಕಿ ಬಟ್ಟಲು ಖಾಲಿ ಮಾಡುವಳು. ಅತ್ತಿಗೆ ಮನೆಗೆ ಬಂದಾಗಲೆಲ್ಲ ಇದನ್ನು ನೋಡುತ್ತಿದ್ದರು. ‘ಇದರ ಹೊಟ್ಟೆಗೆ ಗೊತ್ತು,’ ಎನ್ನುತ್ತಿದ್ದರು. ಏನು ಗೊತ್ತು ಎಂದು ನಾನು ಕೇಳಲಿಲ್ಲ. ಮಗುವಿಗೆ ಹುಳುವಾಗಿರಬಹುದೇ ಎಂಬ ಯೋಚನೆಯಲ್ಲಿದ್ದೆ.

ಆ ತಿಂಗಳು ಕ್ಯಾಂಟೀನಿನ ಮ್ಯಾನೇಜರು ನಮ್ಮವರಿಗೆ ಫೋನು ಮಾಡಿದ್ದರು. ಹಳೆಯ ಜಾಗ ಖಾಲಿಯಿದೆ, ಬರುವುದಾದರೆ ತಿಂಗಳ ಕೊನೆಯೊಳಗೆ ಹೇಳಬೇಕು, ಆಮೇಲೆ ಬೇರೆಯವರಿಗೆ ಕೊಡುತ್ತೇವೆ. ಹೋಟೆಲಿನ ಆರು ಮೇಜಿನಲ್ಲಿ ನಾಲ್ಕಕ್ಕೆ ದೂಳು ಒರೆಸುವ ಬಟ್ಟೆ ಬಿಟ್ಟರೆ ಬೇರೇನೂ ತಾಗುತ್ತಿರಲಿಲ್ಲ. ನಮ್ಮವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ‘ಈ ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಬಾಗಿಲು ಹಾಕೋದೇ,’ ಎಂದರು ನನ್ನೊಡನೆ. ಈ ಮಾತು ಅತ್ತಿಗೆಗೂ ಹೋಯಿತು. ನಾನು ಹೇಳಲಿಲ್ಲ, ನಮ್ಮವರೇ ಹೇಳಿದರು. ಅತ್ತಿಗೆ, ‘ಹೌದಾ,’ ಎಂದರಂತೆ. ಅಷ್ಟೇ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ, ಮಧ್ಯವಯಸ್ಸಿನ ಹೆಂಗಸೊಬ್ಬರು ಕಿವಿಗೆ ಫೋನು ಒತ್ತಿಕೊಂಡೇ ಒಳಗೆ ಬಂದರು. ದಾರಿ ಕೇಳಲು ಬಂದವರೆಂದುಕೊಂಡು ನಾನು ಸೇತುವೆಯ ದಿಕ್ಕಿಗೆ ಕೈಯೆತ್ತಿಯೇಬಿಟ್ಟೆ. ಅವರು ಫೋನಿಗೆ ‘ಒಂದ್ನಿಮಿಷ’ ಎಂದು ಹೇಳಿ ನನ್ನತ್ತ ತಿರುಗಿದರು.

‘ಲಾಡ್ಜಿನ ಕೌಂಟರ್ ಮೇಡಂ ಕಳಿಸಿದ್ರು. ಒಬ್ರಿಗೆ ಊಟ ಕಟ್ಟಿಕೊಡಿ. ನೀವು ದಿನಾ ಏನು ಮಾಡ್ತೀರೋ ಅದನ್ನೇ ಕೊಡಬೇಕು ಅಂದ್ರು. ನಮ್ಮ ತಂದೆಗೆ. ಅವರು ರೂಮಲ್ಲೇ ಇದಾರೆ, ಆಮೇಲೆ ಬಂದು ತಗೊಂಡು ಹೋಗ್ತೀನಿ.’ ಮತ್ತೆ ಫೋನಿನಲ್ಲಿ ಮಾತಾಡುತ್ತಾ ಔಷಧಿ ಅಂಗಡಿಯ ಕಡೆ ಹೋದರು.

ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ‘ಕೇಳಿದ್ರಾ? ಅತ್ತಿಗೆ ಕಳಿಸಿದಾರೆ!’

ನಮ್ಮವರು ಸೌಟು ಕೆಳಗಿಟ್ಟರು. ‘ಯಾರು?’

‘ನಿಮ್ಮಕ್ಕ. ಕೌಂಟರಿಂದ. ಗಿರಾಕೀನ.’

‘ಏನು ಅಂದ್ರು? ಸರಿಯಾಗಿ ಹೇಳು.’

‘ದಿನಾ ಮಾಡೋದನ್ನೇ ಕೊಡಿ ಅಂದ್ರಂತೆ.’

ಅವರು ದಿನಾ ಮಾಡುವ ಸೂಪಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಅಷ್ಟು ಹೊತ್ತು ಏನು ನೋಡಿದರೋ. ಮತ್ತೆ ಮುಚ್ಚಿದರು. ‘ಅಕ್ಕ ಮೊದಲನೇ ಸಲ ಕಳಿಸ್ತಿದಾಳೆ. ದಿನಾ ಮಾಡೋದನ್ನ ಕೊಟ್ಟು ಕಳಿಸಕ್ಕಾಗುತ್ತಾ? ಹೋಗು, ಫ್ರಿಜ್ಜಿಂದ ಬೆಣ್ಣೆ ತಗೊಂಡು ಬಾ.’

ಅವತ್ತು ನಮ್ಮವರು ಅಡುಗೆ ಮಾಡಿದ್ದನ್ನು ನೋಡಬೇಕಿತ್ತು. ಸೇತುವೆಯ ಮೀನಿನವರನ್ನೂ ಮಹಡಿ ಮೆಟ್ಟಿಲಿನವರನ್ನೂ ಒಂದೇ ಬಾಣಲೆಯಲ್ಲಿ ಸೋಲಿಸುವ ಉಮೇದು. ಬೆಣ್ಣೆ ಕರಗಿತು, ಬೆಳ್ಳುಳ್ಳಿ ಕೆಂಪಾಯಿತು, ಮೆಣಸು ಬಿತ್ತು, ಅದರ ಮೇಲೆ ಇನ್ನಷ್ಟು ಮೆಣಸು ಬಿತ್ತು. ಮೀನು ಚುರುಗುಟ್ಟಿತು. ಘಾಟಿಗೆ ಮಗು ಕೆಮ್ಮಲು ಶುರುಮಾಡಿದಾಗ ಅದರ ಎದೆಗೆ ಕಫ ಕಟ್ಟೀತೆಂದು ನಾನು ಮಹಡಿಗೆ ಓಡಿದೆ. ಕಿಟಕಿಯಿಂದ ನೋಡುತ್ತಿದ್ದರೆ ಆ ಹೆಂಗಸು ಡಬ್ಬ ಹಿಡಿದು ಲಾಡ್ಜಿನ ಕಡೆ ಹೋಗುತ್ತಿದ್ದರು. ನಮ್ಮವರು ಬಾಗಿಲಲ್ಲಿ ನಿಂತು ಅವರು ಒಳಗೆ ಹೋಗುವವರೆಗೆ ನೋಡಿದರು. ಸಂಜೆಯೆಲ್ಲ ಶಿಳ್ಳೆ ಹಾಕುತ್ತಾ ಪಾತ್ರೆ ತೊಳೆದರು.

ಮಾರನೆಯ ಮಧ್ಯಾಹ್ನ ಅತ್ತಿಗೆ ನಮ್ಮ ಹೋಟೆಲಿಗೆ ಬಂದರು. ರಜೆಯ ದಿನವಲ್ಲ. ಕೌಂಟರಿನ ನೀಲಿ ಕೋಟು ಮೈಮೇಲೇ ಇತ್ತು, ಪೆನ್ನು ಕಿವಿಯ ಮೇಲಿತ್ತು. ಹೋಟೆಲಿಗೆ ಗಿರಾಕಿಯ ಹೊತ್ತಿನಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ನಮ್ಮವರು ನಗುತ್ತಾ ಎದುರು ಬಂದರು.

‘ಬಾ ಅಕ್ಕ. ಹೇಗಿತ್ತಂತೆ?’

‘ಏನು ಹಾಕಿದ್ದೆ?’

‘ಮೀನು. ಬೆಣ್ಣೇಲಿ. ಮೆಣಸು ಸ್ವಲ್ಪ ಜಾಸ್ತೀನೇ...’

‘ಬೆಳಿಗ್ಗೆ ಡಾಕ್ಟರ್ ಬಂದು ಸೂಜಿ ಹಾಕಿ ಹೋದ್ರು,’ ಎಂದರು ಅತ್ತಿಗೆ. ದನಿ ಏರಿರಲಿಲ್ಲ. ‘ಆ ಯಜಮಾನರು ಬಂದಾಗಿಂದ ಊರೆಲ್ಲಾ ತಿರುಗಿ ತಿಂದಿದಾರೆ. ನಾನೇ ಕಳಿಸಿದ್ದು, ಎಲ್ಲಾ ಕಡೆಗೂ. ನಿನ್ನೆ ಹೊಟ್ಟೆ ಕೈಕೊಡ್ತು. ಏನಾದ್ರೂ ಹಗುರವಾಗಿ ಬೇಕು ಅಂತ ಮಗಳು ಕೇಳಿದ್ರು. ನಿನ್ನ ಹತ್ರ ಕಳಿಸಿದೆ. ಬೆಳಿಗ್ಗೆ ಕೌಂಟರ್ ಮುಂದೆ ನಿಂತು ಆ ಮಗಳು ಆಡಿದ ಮಾತು ಓನರ್ ಕಿವಿಗೂ ಬಿತ್ತು. ಸಂಬಂಧಿಕರ ಹೋಟೆಲಿಗೆ ಕಳಿಸಿದ್ದು ಯಾಕೆ ಅಂತ ಓನರ್ ಪ್ರಶ್ನೆ.’

ಆ ಮುದುಕರಿಗೆ ಹೆಚ್ಚುಕಡಿಮೆಯಾದರೆ, ಪೊಲೀಸರು ಬಂದರೆ, ಅತ್ತಿಗೆಯ ಕೆಲಸ ಹೋದರೆ ಎಂದು ನನ್ನ ತಲೆ ಆಗಲೇ ಊರೆಲ್ಲ ಸುತ್ತಿ ಬಂದಿತ್ತು.

‘ಹುಷಾರಿಲ್ಲ ಅಂತ ಯಾರು ಹೇಳಿದ್ರು ನಂಗೆ?’ ಎಂದರು ನಮ್ಮವರು.

‘ದಿನಾ ಮಾಡೋದನ್ನ ಕೊಡು ಅಂತ ಹೇಳಿ ಕಳಿಸಿದ್ನಲ್ಲ.’

‘ದಿನಾ ಮಾಡೋದಕ್ಕೆ ನೀನು ಯಾವತ್ತು ಯಾರನ್ನ ಕಳಿಸಿದೀಯ ಅಕ್ಕ?’

ಇದ್ದ ಒಬ್ಬನೇ ಗಿರಾಕಿ ಚಮಚ ತಟ್ಟೆಗೆ ತಾಗದಂತೆ ತಿನ್ನತೊಡಗಿದ. ಅತ್ತಿಗೆ ಸುತ್ತ ಒಮ್ಮೆ ನೋಡಿದರು. ಹಿಂದಿನ ಗೋಡೆಯಲ್ಲಿ ಬೇಸಿನ್ ಇತ್ತು, ಅದರ ಪಕ್ಕದ ಮೇಜಿಗೆ ಹೋಗಿ ಕೂತರು. ನಲ್ಲಿ ತೊಟ್ಟಿಕ್ಕುತ್ತಿತ್ತು.

‘ದಿನಾ ಮಾಡೋದು ಕೊಡು,’ ಎಂದರು.

ನಮ್ಮವರು ಅಡುಗೆಮನೆಗೆ ಹೋದರು. ಸೂಪು, ಅನ್ನ, ಬೇಯಿಸಿದ ತರಕಾರಿ ತಂದು ಇಟ್ಟರು. ಇಟ್ಟ ರೀತಿಯಲ್ಲಿ ತಟ್ಟೆಯಿಂದ ಸ್ವಲ್ಪ ಚೆಲ್ಲಿತು. ಅತ್ತಿಗೆ ತಿನ್ನತೊಡಗಿದರು. ನಾನು ಇಳಿಸಿದೆನೋ ಅದೇ ಇಳಿಯಿತೋ, ಮಗು ತಪ್ಪುಹೆಜ್ಜೆ ಹಾಕುತ್ತಾ ಹೋಗಿ ಅವರ ತೊಡೆ ಹಿಡಿದು ನಿಂತು ಬಾಯಿ ತೆರೆಯಿತು. ಅವರು ತಮಗೊಂದು ಚಮಚ, ಅದಕ್ಕೊಂದು ಚಮಚ ಎಂದು ಕೊಡುತ್ತಾ ಹೋದರು. ಬಿಸಿಯಿದೆಯೇ, ಅದೇ ಚಮಚವೇ, ಎಂಜಲೇ ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಬೇಸಿನ್ನಿಗೆ ತಿರುಗಿ, ಕೂತಲ್ಲಿಂದಲೇ ಕೈ ತೊಳೆದು ಅತ್ತಿಗೆ ಹೇಳಿದರು. ‘ರುಚಿ ಅಂತ ಹುಡುಕ್ಕೊಂಡು ಇಲ್ಲಿಗೆ ಬರೋರಿಗೆ ನಿನ್ನ ಊಟದಲ್ಲಿ ಏನೂ ಇಲ್ಲ. ಅದಕ್ಕೇ ಕಳಿಸಲಿಲ್ಲ.’

ನಮ್ಮವರ ಮುಖ ಕೆಂಪಾಯಿತು. ‘ಇಷ್ಟು ದಿನ ಒಂದು ಮಾತು ಹೇಳಲಿಲ್ಲ ನೀನು.’

‘ಹೇಳಿದ್ರೆ ನೀನು ಬಾಗಿಲು ಹಾಕ್ತೀಯ ಅಂತ ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೂ ಬಾಗಿಲು ಹಾಕೋಕೆ ಹೊರಟೆ. ಏನು ಮಾಡಲಿ?’

‘ಅಂದ್ರೆ ನಂದು ಆಸ್ಪತ್ರೆ ಊಟ.’

‘ಹೌದು.’

‘ಹಂಗಾದ್ರೆ ಆಸ್ಪತ್ರೆಗೇ ಹೋಗ್ತೀನಿ ಬಿಡು. ಮ್ಯಾನೇಜರ್ ಕಾಯ್ತಿದಾರೆ.’

‘ಹೋಗು. ಅಲ್ಲಿ ತಿನ್ನೋರು ಬೇರೆ ಗತಿಯಿಲ್ಲದೆ ತಿಂತಾರೆ. ಇಲ್ಲಿ ಹಂಗಲ್ಲ ಕಣೋ. ದಿನಾ ನೋಡ್ತೀನಿ ನಾನು. ಬಂದ ಮೊದಲನೇ ದಿನ ಸಿಂಹದ ಹಂಗೆ ಇಳಿದು ಬರ್ತಾರೆ. ಎರಡು ದಿನ ಕಳೀಲಿ, ಮುಖ ಬಾಡಿರುತ್ತೆ, ಹೊಟ್ಟೆ ಮೇಲೆ ಕೈ. ಇವತ್ತು ಎಲ್ಲಿ ಅಂತ ನಾನು ಕೇಳಿದ್ರೆ, ಬೇಡ ಮೇಡಂ, ಎರಡು ಬಾಳೆಹಣ್ಣು ತಿಂದು ಮಲಗ್ತೀವಿ ಅಂತಾರೆ. ಈ ಊರಲ್ಲಿ ಇಷ್ಟು ಹೋಟೆಲಿದೆ, ಅಂಥವರನ್ನ ಕಳಿಸೋಕೆ ನಂಗೆ ಒಂದು ಜಾಗ ಇಲ್ಲ. ಈ ಮಗು ತಿನ್ನೋದನ್ನ ನೋಡಿ ನೋಡಿ ನಿನ್ನೆ ಧೈರ್ಯ ಮಾಡಿದೆ. ನೀನು ಬೆಣ್ಣೆ ಸುರಿದೆ.’

ಮಗು ಮೇಜಿನ ಮೇಲೆ ಬಿದ್ದ ಅನ್ನವನ್ನು ಬೆರಳಿನಿಂದ ಒತ್ತುತ್ತಿತ್ತು. ನಮ್ಮವರು ಹೆಗಲ ಮೇಲಿನ ಬಟ್ಟೆ ತೆಗೆದು ಆ ಮೇಜು ಒರೆಸಿದರು, ಒರೆಸಿದ ಕಡೆಯೇ ಮತ್ತೆ ಒರೆಸಿದರು.

‘ಈಗ ಅವರು ಏನು ತಿಂತಿದಾರೆ?’ ಎಂದು ಕೇಳಿದರು ಕೊನೆಗೆ.

‘ಏನೂ ಇಲ್ಲ. ನಿನ್ನ ಹೆಸರು ಹೇಳಿದ್ರೆ ಡಬ್ಬ ಎಸೀತಾರೆ ಆ ಮಗಳು.’

‘ಎಸೀಲಿ,’ ಎಂದು ನಮ್ಮವರು ಒಳಗೆ ಹೋದರು.

ಗಂಜಿ ಬೇಯಿಸಿದರು. ಅಕ್ಕಿ ಅರಳಿ ಕರಗುವವರೆಗೆ ಒಲೆಯ ಮುಂದಿನಿಂದ ಅಲುಗಲಿಲ್ಲ. ಡಬ್ಬವನ್ನು ಯಾರ ಕೈಗೂ ಕೊಡದೆ ತಾವೇ ಹಿಡಿದು, ಅಕ್ಕನ ಹಿಂದೆ ಬೀದಿಯಲ್ಲಿ ನಡೆದರು. ಮುಂದಿನದನ್ನು ಅತ್ತಿಗೆ ನನಗೆ ಹೇಳಿದರು. ಆ ಯಜಮಾನರ ಮಗಳು ಬಾಗಿಲು ತೆರೆದು ಇವರನ್ನು ನೋಡಿ ಮುಚ್ಚಲು ಹೋದರಂತೆ. ನಮ್ಮವರು, ‘ಬೈಯೋದಿದ್ರೆ ಬೈದ್ಬಿಡಿ ಅಮ್ಮ, ಆದ್ರೆ ಇದು ಆರೋಗೋದ್ರೊಳಗೆ ಬೈದು ಮುಗಿಸಿ,’ ಎಂದರಂತೆ. ಆಕೆ ಬೈದರು, ಚೆನ್ನಾಗಿಯೇ ಬೈದರು. ಒಳಗೆ ಹಾಸಿಗೆಯಲ್ಲಿದ್ದ ಯಜಮಾನರಿಗೆ ಅದು ಕೇಳಿ ಸಾಕಾಗಿ, ಏನು ತಂದಿದಾನೆ ನೋಡು ಎಂದರು. ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ಬಟ್ಟಲು ಮುಗಿಸಿ, ಬಾಯಿ ಒರೆಸಿಕೊಂಡು, ‘ಉಪ್ಪು ಕಮ್ಮಿ,’ ಎಂದರು. ಸಂಜೆಗೆ ಮತ್ತೆ ಬೇಕೆಂದು ಹೇಳಿ ಕಳಿಸಿದರು. ಊರಿಗೆ ಹೊರಡುವವರೆಗೆ ಅವರ ಎರಡು ಹೊತ್ತಿನ ಊಟ ನಮ್ಮಲ್ಲಿಂದಲೇ ಹೋಯಿತು. ಹೊರಡುವ ದಿನ ಮಗಳು ಡಬ್ಬ ತೊಳೆದು ತಂದುಕೊಟ್ಟರು. ಕ್ಷಮೆಯ ಮಾತು ಎರಡೂ ಕಡೆಯಿಂದ ಬರಲಿಲ್ಲ.

ಲಾಡ್ಜಿನ ಓನರ್ ಜೊತೆ ಅತ್ತಿಗೆ ಏನು ಮಾತಾಡಿದರೋ ನನಗೆ ತಿಳಿಯದು. ಈಗ ಅವರು ಕೌಂಟರಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದಾರೆ. ‘ಬಂದು ಎಷ್ಟು ದಿನ ಆಯ್ತು?’ ಇವತ್ತೇ ಬಂದೆವು ಎಂದವರಿಗೆ ಸೇತುವೆ, ಮಹಡಿ ಮೆಟ್ಟಿಲು, ಎಂದಿನಂತೆ. ಮೂರನೆಯ ದಿನದವರಿಗೆ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ‘ಮುಂದೆ ಹಸಿರು ಬಾಗಿಲಿದೆ. ಅದು ನನ್ನ ತಮ್ಮನ ಹೋಟೆಲು, ಮೊದಲೇ ಹೇಳ್ಬಿಡ್ತೀನಿ. ರುಚಿ ಕೇಳಬೇಡಿ. ತಿಂದು, ಚೆನ್ನಾಗಿ ನಿದ್ದೆ ಬಂತಾ ಇಲ್ವಾ, ಬೆಳಿಗ್ಗೆ ಬಂದು ಹೇಳಿ.’

ನಮ್ಮವರಿಗೆ ಈ ಮಾತು ಇನ್ನೂ ಪೂರ್ತಿ ಜೀರ್ಣವಾಗಿಲ್ಲ. ಒಂದು ವಾರ ಅಕ್ಕನೊಡನೆ ಮಾತು ಬಿಟ್ಟಿದ್ದರು. ಕ್ಯಾಂಟೀನಿನ ಮ್ಯಾನೇಜರಿಗೆ ತಿಂಗಳ ಕೊನೆಯ ದಿನ ಫೋನು ಮಾಡಿ, ‘ಬರಲ್ಲ ಸಾರ್, ಇಲ್ಲೇ ಪೇಷೆಂಟುಗಳು ಬರ್ತಿದಾರೆ,’ ಎಂದರು. ಹೇಳಿ, ಫೋನು ಇಟ್ಟು, ಸೌಟು ಹಿಡಿದುಕೊಂಡು ತಮ್ಮಷ್ಟಕ್ಕೆ ನಕ್ಕರು. ಒಮ್ಮೊಮ್ಮೆ ಯಾರೂ ಇಲ್ಲದ ಹೊತ್ತಿನಲ್ಲಿ ಬಾಣಲೆಗೆ ಮೆಣಸು ಹಾಕಿ ಏನೋ ಹುರಿಯುತ್ತಾರೆ. ಅದನ್ನು ನಾವಿಬ್ಬರೇ ತಿನ್ನುತ್ತೇವೆ. ನಿಜ ಹೇಳಬೇಕೆಂದರೆ ಅದೂ ಅಷ್ಟೇನೂ ಚೆನ್ನಾಗಿರುವುದಿಲ್ಲ. ನಾನು ಚೆನ್ನಾಗಿದೆ ಎನ್ನುತ್ತೇನೆ. ಅತ್ತಿಗೆಯಾಗಿದ್ದರೆ ಹೇಳುತ್ತಿರಲಿಲ್ಲ.

ಸಂಜೆ ಲಾಡ್ಜಿನಿಂದ ಹೊರಟವರು ನಮ್ಮ ಬಾಗಿಲ ಮುಂದೆ ಹಾದುಹೋಗುವುದು ಈಗಲೂ ಇದೆ. ದಾರಿ ಕೇಳಿದರೆ ನಾನೇ ಎದ್ದು ತೋರಿಸುತ್ತೇನೆ. ಮೂರನೆಯ ದಿನ ಅವರಲ್ಲಿ ಕೆಲವರು, ಎಲ್ಲರೂ ಅಲ್ಲ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಒಳಗೆ ಬಂದು ಕೂರುತ್ತಾರೆ. ಆರರಲ್ಲಿ ಐದು ಮೇಜು ತುಂಬಿದ ದಿನಗಳಿವೆ. ಅಂಥ ದಿನ ಬೇಸಿನ್ ಪಕ್ಕದ ಮೇಜು ಖಾಲಿಯಿದ್ದರೆ ಇನ್ನೇನು ಅತ್ತಿಗೆ ಬಂದರೆಂದೇ ನಾನು ಬಾಗಿಲ ಕಡೆ ನೋಡುತ್ತೇನೆ. ಅವರು ಹೇಳದೆ ಕೇಳದೆ ಬರುತ್ತಾರೆ, ದಿನಾ ಮಾಡುವುದನ್ನು ತರಿಸುತ್ತಾರೆ, ಮಗುವಿಗೊಂದು ಚಮಚ ತಮಗೊಂದು ಚಮಚ ತಿಂದು, ಏನೂ ಹೇಳದೆ ಕೌಂಟರಿಗೆ ಮರಳುತ್ತಾರೆ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ನಾನು ರಿಪೇರಿ ಮಾಡಿಸಿದೆ. ಮುಂದಿನ ಸಲ ಬಂದಾಗ ಅವರು ಅದನ್ನು ತಿರುಗಿಸಿ ನೋಡಿ, ‘ಇದನ್ಯಾಕೆ ಸರಿ ಮಾಡಿಸಿದೆ? ನಂಗೆ ಹೇಗೆ ಗೊತ್ತಾಗ್ಬೇಕು ಈಗ?’ ಎಂದು ಬೈದರು.

ನನ್ನ ಚಿಂತೆ ಈಗ ಬೇರೆ. ಈ ಊರಿನ ಅಡುಗೆಯವರೆಲ್ಲ ಯಾರದೋ ಮಾತು ಕೇಳಿ ಒಂದೇ ಸಲ ಎಣ್ಣೆ ಖಾರ ಕಡಿಮೆ ಮಾಡಿಬಿಟ್ಟರೆ ನಮ್ಮ ಗತಿಯೇನು ಎಂದು ಮೊನ್ನೆ ಅತ್ತಿಗೆಯನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಮಗು ತೂಕ ಏರಿದೆಯಾ?’

‘ಏರಿದೆ, ಸ್ವಲ್ಪ.’

‘ಹಾಗಾದ್ರೆ ಈ ವಾರಕ್ಕೆ ಚಿಂತೆ ಬೇಕು ಅಂತ ಇದನ್ನ ಹುಡುಕಿದೀಯ,’ ಎಂದು, ಬ್ಯಾಗು ಹೊತ್ತು ಒಳಗೆ ಬಂದವರ ಚಪ್ಪಲಿಯ ಕಡೆ ಬಾಗಿದರು.